ಓದಿನ ಕಮ್ಮಟ: ಮಿಡ್ಲ್ ಸ್ಕೂಲ್ ಮತ್ತು ಹೈಸ್ಕೂಲ್ ತರಗತಿಗಳಲ್ಲಿ

ಭಾಷಾ ತರಗತಿಯ ಹೆಚ್ಚಿನ ಸಮಯವನ್ನು ವಿದ್ಯಾರ್ಥಿಗಳು ತಾವೇ ಆರಿಸಿಕೊಂಡ ಪುಸ್ತಕಗಳನ್ನು ಓದುವುದಕ್ಕೆ ಕೊಟ್ಟು, ಆ ಓದಿನ ಒಳಗಿನಿಂದಲೇ ಪಾಠ ನಡೆಸುವ ಬೋಧನಾಕ್ರಮ. ಇಂಗ್ಲಿಷಿನಲ್ಲಿ ಇದಕ್ಕೆ ರೀಡಿಂಗ್ ವರ್ಕ್‌ಶಾಪ್ ಎಂದು ಹೆಸರು. ಅಮೆರಿಕದ ಈಶಾನ್ಯ ಮೂಲೆಯ ಮೇನ್, ನ್ಯೂ ಹ್ಯಾಂಪ್‌ಶೈರ್ ರಾಜ್ಯಗಳ ಶಾಲೆಗಳಲ್ಲಿ 1980ರ ದಶಕದಲ್ಲಿ ರೂಪುಗೊಂಡ ಈ ಕ್ರಮ ಮುಂದೆ ಇಂಗ್ಲಿಷ್ ಕಲಿಸುವ ಬೇರೆ ದೇಶಗಳಿಗೂ ಹೋಯಿತು. ಅಮೆರಿಕದಲ್ಲಿ ಸಾಮಾನ್ಯವಾಗಿ 6ರಿಂದ 8ನೇ ತರಗತಿಯವರೆಗಿನ ಶಾಲೆ ಮಿಡ್ಲ್ ಸ್ಕೂಲ್, 9ರಿಂದ 12ರವರೆಗಿನದು ಹೈಸ್ಕೂಲ್. ಮಕ್ಕಳು ಓದಿನಿಂದ ಹೆಚ್ಚಾಗಿ ದೂರ ಸರಿಯುವುದು ಈ ವಯಸ್ಸಿನಲ್ಲೇ. ಅಲ್ಲಿನ ರಾಷ್ಟ್ರೀಯ ಶೈಕ್ಷಣಿಕ ಸಮೀಕ್ಷೆಯ ಪ್ರಕಾರ, ಹೆಚ್ಚುಕಡಿಮೆ ಪ್ರತಿದಿನ ಸಂತೋಷಕ್ಕಾಗಿ ಓದುತ್ತೇವೆ ಎಂದ 13 ವರ್ಷದ ಮಕ್ಕಳು 2012ರಲ್ಲಿ ಶೇ. 27ರಷ್ಟಿದ್ದರು. 2023ರ ಹೊತ್ತಿಗೆ ಅವರು ಶೇ. 14ಕ್ಕೆ ಇಳಿದಿದ್ದರು. ಓದಿನ ಕಮ್ಮಟ ಹುಟ್ಟಿದ್ದು ಈ ವಯಸ್ಸಿನವರು ಓದಿನಿಂದ ದೂರ ಸರಿಯುವ ಸಮಸ್ಯೆಯನ್ನು ಎದುರಿಸುವುದಕ್ಕೆ.

ಇಡೀ ತರಗತಿ ಒಂದೇ ಪಾಠವನ್ನು ಓದಿ, ಮೇಷ್ಟ್ರು ವಿವರಿಸಿದ್ದನ್ನು ಕೇಳಿ, ಪಾಠದ ಕೊನೆಯ ಪ್ರಶ್ನೆಗಳಿಗೆ ಉತ್ತರ ಬರೆಯುವುದು ರೂಢಿಯ ದಾರಿ. ಕಮ್ಮಟದಲ್ಲಿ ಮೂವತ್ತು ಮಕ್ಕಳ ಕೈಯಲ್ಲಿ ಮೂವತ್ತು ಬೇರೆ ಬೇರೆ ಪುಸ್ತಕಗಳಿರುತ್ತವೆ. ಹಾಗೆಂದು ಮಕ್ಕಳನ್ನು ಅವರ ಪಾಡಿಗೆ ಬಿಟ್ಟು ಸುಮ್ಮನೆ ಕೂರುವ ಪದ್ಧತಿ ಇದಲ್ಲ. ಹೊರಗಿನಿಂದ ನೋಡಿದವರಿಗೆ ಹಾಗೆ ಅನ್ನಿಸುವುದರಿಂದಲೇ ಇದರ ಬಗ್ಗೆ ಅತಿ ಹೊಗಳಿಕೆ, ಅತಿ ತೆಗಳಿಕೆ ಎರಡೂ ಬಂದಿವೆ. ಆಯ್ಕೆಯ ಸ್ವಾತಂತ್ರ್ಯ ಕಮ್ಮಟದ ಅರ್ಧ ಭಾಗ ಮಾತ್ರ. ಮಗುವಿನ ಪಕ್ಕದಲ್ಲಿ ಬಂದು ಕೂತು, ಅದು ಓದುತ್ತಿರುವ ಪುಸ್ತಕದ ಬಗ್ಗೆ ಅರಿತು ಮಾತಾಡಬಲ್ಲ ಶಿಕ್ಷಕರು ಉಳಿದ ಅರ್ಧ. ಈ ಎರಡನೆಯದು ಇಲ್ಲದ ಕಡೆ ಕಮ್ಮಟ ಎನ್ನುವುದು ಹೆಸರಿಗಷ್ಟೇ ಉಳಿದಿದೆ.

ಹಿನ್ನೆಲೆ

ಈ ಕ್ರಮದ ತಾತ್ತ್ವಿಕ ಬೇರು ಲೂಯಿಸ್ ರೋಸೆನ್‌ಬ್ಲಾಟ್ ಅವರ ಚಿಂತನೆಯಲ್ಲಿದೆ. 1938ರಲ್ಲಿ ಪ್ರಕಟವಾದ ‘ಲಿಟರೇಚರ್ ಆ್ಯಸ್ ಎಕ್ಸ್‌ಪ್ಲೊರೇಷನ್’ ಕೃತಿಯಲ್ಲೂ 1978ರ ‘ದ ರೀಡರ್, ದ ಟೆಕ್ಸ್ಟ್, ದ ಪೊಯೆಮ್’ ಕೃತಿಯಲ್ಲೂ ಅವರು ವಾದಿಸಿದ್ದು ಇದನ್ನು: ಕೃತಿಯ ಅರ್ಥ ಪುಟದ ಮೇಲೆ ಸಿದ್ಧವಾಗಿ ಕೂತಿರುವುದಿಲ್ಲ, ಓದುಗ ತನ್ನ ಬದುಕಿನ ಅನುಭವದೊಂದಿಗೆ ಪುಟವನ್ನು ಎದುರುಗೊಂಡಾಗ ಅದು ಹುಟ್ಟುತ್ತದೆ. ಸಹೃದಯನಿಲ್ಲದೆ ಕಾವ್ಯ ಪೂರ್ಣವಾಗದು ಎಂದು ನಂಬಿದ ನಮ್ಮ ಕಾವ್ಯಮೀಮಾಂಸೆಯ ಓದುಗರಿಗೆ ಈ ವಿಚಾರ ಹೊಸದಾಗಿ ಕಾಣದು. ಆದರೆ ಪ್ರತಿ ಪಾಠಕ್ಕೂ ಒಂದೇ ಸರಿಯುತ್ತರವಿದೆ ಎಂದು ನಂಬಿದ್ದ ಶಾಲಾಕೋಣೆಗೆ ಇದು ಆಳವಾದ ಸವಾಲಾಗಿತ್ತು.

1960ರ ದಶಕದ ಎರಡು ಪ್ರಯತ್ನಗಳು ಕಮ್ಮಟಕ್ಕೆ ನೆಲ ಹದಮಾಡಿದವು. ಮಿಷಿಗನ್ ವಿಶ್ವವಿದ್ಯಾಲಯದ ಇಂಗ್ಲಿಷ್ ಅಧ್ಯಾಪಕ ಡೇನಿಯಲ್ ಫೇಡರ್, ತಪ್ಪೆಸಗಿ ಬಂದ ಹುಡುಗರಿಗಾಗಿ ಆ ರಾಜ್ಯ ನಡೆಸುತ್ತಿದ್ದ ಡಬ್ಲ್ಯು. ಜೆ. ಮ್ಯಾಕ್ಸಿ ತರಬೇತಿ ಶಾಲೆಯನ್ನು ಅಗ್ಗದ ಪೇಪರ್‌ಬ್ಯಾಕ್ ಪುಸ್ತಕಗಳು, ಪತ್ರಿಕೆಗಳು, ನಿಯತಕಾಲಿಕೆಗಳಿಂದ ತುಂಬಿಸಿದರು. ಓದೆಂದರೆ ಮುಖ ತಿರುಗಿಸುತ್ತಿದ್ದ ಹುಡುಗರೂ ಪುಸ್ತಕ ಹಿಡಿದ ಈ ಕಥೆ 1966ರಲ್ಲಿ ‘ಹುಕ್ಡ್ ಆನ್ ಬುಕ್ಸ್’ ಎಂಬ ಪುಸ್ತಕವಾಗಿ ಬಂತು. ಅದೇ ದಶಕದಲ್ಲಿ ವರ್ಮಾಂಟ್ ವಿಶ್ವವಿದ್ಯಾಲಯದ ಲೈಮನ್ ಹಂಟ್, ಶಾಲೆಯಲ್ಲಿ ದಿನಕ್ಕೆ ಇಷ್ಟು ಹೊತ್ತು ಎಂದು ಎಲ್ಲರೂ ಮೌನವಾಗಿ ಓದುವ ಪದ್ಧತಿಯನ್ನು ಪ್ರಚಾರಕ್ಕೆ ತಂದರು. ಮೊದಲನೆಯದು ಪುಸ್ತಕಗಳ ಸಮೃದ್ಧಿಯ ಬೆಲೆ ತಿಳಿಸಿತು, ಎರಡನೆಯದು ಸಮಯದ ಬೆಲೆಯನ್ನು. ಎರಡರಲ್ಲೂ ಬೋಧನೆಯ ಪಾತ್ರ ತೆಳುವಾಗಿತ್ತು.

ಬೋಧನೆಯ ಮಾದರಿ ಬಂದದ್ದು ಬರವಣಿಗೆಯ ಕಡೆಯಿಂದ. ನ್ಯೂ ಹ್ಯಾಂಪ್‌ಶೈರ್ ವಿಶ್ವವಿದ್ಯಾಲಯದ ಡೊನಾಲ್ಡ್ ಗ್ರೇವ್ಸ್ ಮತ್ತು ಅವರ ಸಂಗಡಿಗರು 1978ರಿಂದ 1980ರವರೆಗೆ ಅಟ್ಕಿನ್ಸನ್ ಎಂಬ ಸಣ್ಣ ಊರಿನ ಶಾಲೆಯಲ್ಲಿ ಕೂತು, ಮಕ್ಕಳು ಹೇಗೆ ಬರೆಯುತ್ತಾರೆ ಎಂಬುದನ್ನು ಹತ್ತಿರದಿಂದ ಗಮನಿಸಿದರು. ಬರೆಯುವ ಮಗುವಿಗೆ ಬೇಕಾದದ್ದು ನಿತ್ಯದ ಸಮಯ, ವಿಷಯವನ್ನು ತಾನೇ ಆರಿಸುವ ಹಕ್ಕು, ಬರೆಯುತ್ತಿರುವಾಗಲೇ ಸಿಗುವ ಪ್ರತಿಕ್ರಿಯೆ ಎಂದು ಅವರು ಕಂಡುಕೊಂಡರು. ಗ್ರೇವ್ಸ್ ಅವರ ‘ರೈಟಿಂಗ್: ಟೀಚರ್ಸ್ ಆ್ಯಂಡ್ ಚಿಲ್ಡ್ರನ್ ಅಟ್ ವರ್ಕ್’ 1983ರಲ್ಲಿ ಹೊರಬಂತು.

ಈ ಮೂರು ಮಾತುಗಳನ್ನು ಓದಿಗೂ ಅನ್ವಯಿಸಿ, ಹದಿಹರೆಯದ ತರಗತಿಯಲ್ಲಿ ನಡೆಸಿ ತೋರಿಸಿದವರು ನ್ಯಾನ್ಸಿ ಆಟ್‌ವೆಲ್. ಮೇನ್ ರಾಜ್ಯದ ಕಡಲತೀರದ ಊರಾದ ಬೂತ್‌ಬೇ ಹಾರ್ಬರಿನಲ್ಲಿ ಅವರು 8ನೇ ತರಗತಿಗೆ ಇಂಗ್ಲಿಷ್ ಕಲಿಸುತ್ತಿದ್ದರು. ತಮ್ಮ ಮನೆಯ ಊಟದ ಮೇಜಿನ ಸುತ್ತ ಗಂಡ, ಗೆಳೆಯರೊಂದಿಗೆ ಪುಸ್ತಕಗಳ ಬಗ್ಗೆ ನಡೆಯುವ ಮಾತು ಎಷ್ಟು ಜೀವಂತವಾಗಿರುತ್ತದೆ, ತರಗತಿಯಲ್ಲಿ ಅದೇ ಸಾಹಿತ್ಯದ ಮಾತು ಏಕೆ ಸತ್ವ ಕಳೆದುಕೊಳ್ಳುತ್ತದೆ ಎಂಬ ಪ್ರಶ್ನೆ ಅವರನ್ನು ಕಾಡಿತು. ಆ ಊಟದ ಮೇಜನ್ನೇ ತರಗತಿಗೆ ತರುವ ದಾರಿಯಾಗಿ ಅವರು ಪತ್ರ ವ್ಯವಹಾರವನ್ನು ಆರಿಸಿಕೊಂಡರು. ಮಕ್ಕಳು ತಾವು ಓದಿದ ಪುಸ್ತಕದ ಬಗ್ಗೆ ಅವರಿಗೆ ಪತ್ರ ಬರೆದರು, ಅವರು ಪ್ರತಿ ಪತ್ರಕ್ಕೂ ಉತ್ತರ ಬರೆದರು. ಒಂದು ವರ್ಷದಲ್ಲಿ ಆ ತರಗತಿಯ ಮಕ್ಕಳು ಸರಾಸರಿ 35 ಪುಸ್ತಕಗಳನ್ನು ಓದಿದರೆಂದು ಅವರು ದಾಖಲಿಸಿದ್ದಾರೆ. 1987ರಲ್ಲಿ ಬಂದ ಅವರ ‘ಇನ್ ದ ಮಿಡ್ಲ್’ ಈ ವಿಷಯದ ಮೂಲಗ್ರಂಥ. 1998ರಲ್ಲಿ ಅದರ ಎರಡನೆಯ ಆವೃತ್ತಿ ಬಂದಾಗ ಆಟ್‌ವೆಲ್ ತಮ್ಮ ಹಿಂದಿನ ನಿಲುವನ್ನು ತಿದ್ದಿಕೊಂಡಿದ್ದರು. ಮಕ್ಕಳ ದಾರಿಗೆ ಅಡ್ಡ ಬರಬಾರದು ಎಂಬ ಸಂಕೋಚ ಬಿಟ್ಟು, ತಮಗೆ ಗೊತ್ತಿರುವುದನ್ನು ನೇರವಾಗಿ ಕಲಿಸುವ ಶಿಕ್ಷಕಿಯಾಗಿ ಅವರು ಅಲ್ಲಿ ಕಾಣುತ್ತಾರೆ. ಕಮ್ಮಟದ ಇತಿಹಾಸದಲ್ಲಿ ಈ ತಿರುವು ಬಹಳ ಮುಖ್ಯ. ಮೊದಲ ಆವೃತ್ತಿಯನ್ನಷ್ಟೇ ಓದಿ ಕಮ್ಮಟ ಆರಂಭಿಸಿದ ಎಷ್ಟೋ ಕಡೆ ಪಾಠವೇ ಮಾಯವಾದದ್ದುಂಟು.

1990ರಲ್ಲಿ ಆಟ್‌ವೆಲ್ ಅದೇ ರಾಜ್ಯದ ಎಡ್ಜ್‌ಕೋಂಬಿನಲ್ಲಿ ಸೆಂಟರ್ ಫಾರ್ ಟೀಚಿಂಗ್ ಆ್ಯಂಡ್ ಲರ್ನಿಂಗ್ ಎಂಬ ಪುಟ್ಟ ಶಾಲೆಯನ್ನು ಕಟ್ಟಿದರು. ಬೇರೆ ಊರುಗಳ ಶಿಕ್ಷಕರು ಅಲ್ಲಿಗೆ ಬಂದು ತರಗತಿಯಲ್ಲಿ ಕೂತು ನೋಡುವ ವ್ಯವಸ್ಥೆ ಇತ್ತು. 2015ರಲ್ಲಿ ವಾರ್ಕಿ ಪ್ರತಿಷ್ಠಾನ ಮೊದಲ ಬಾರಿಗೆ ಕೊಟ್ಟ ಜಾಗತಿಕ ಶಿಕ್ಷಕ ಪ್ರಶಸ್ತಿ ಅವರಿಗೆ ಸಂದಿತು. 10 ಲಕ್ಷ ಡಾಲರಿನ ಆ ಪ್ರಶಸ್ತಿಯ ಹಣವನ್ನು ಅವರು ಆ ಶಾಲೆಗೇ ಕೊಟ್ಟರು.

ಇನ್ನೊಂದು ಕವಲು ನ್ಯೂಯಾರ್ಕಿನದು. ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನಲ್ಲಿ ಲೂಸಿ ಕಾಲ್ಕಿನ್ಸ್ 1981ರಲ್ಲಿ ಆರಂಭಿಸಿದ ಯೋಜನೆ, ಕಮ್ಮಟವನ್ನು ಸಾವಿರಾರು ಶಾಲೆಗಳಿಗೆ ಒಯ್ಯಬಲ್ಲ ಸಿದ್ಧ ಪಾಠಸಂಪುಟಗಳಾಗಿ ಮಾಡಿತು. 2003ರಲ್ಲಿ ನ್ಯೂಯಾರ್ಕ್ ನಗರದ ಶಾಲಾ ವ್ಯವಸ್ಥೆಯೇ ಈ ಮಾದರಿಯನ್ನು ಒಪ್ಪಿಕೊಂಡಿತು. ಒಬ್ಬ ಶಿಕ್ಷಕಿಯ ಅನುಭವದಿಂದ ಬೆಳೆದದ್ದು ಒಂದು ಬೃಹತ್ ನಗರದ ಆಡಳಿತ ನೀತಿಯಾದಾಗ ಅದರ ಸ್ವಭಾವವೇ ಬದಲಾಯಿತು. ಗಡಿಯಾರ ನೋಡಿಕೊಂಡು ಇಷ್ಟು ನಿಮಿಷ ಇದು, ಇಷ್ಟು ನಿಮಿಷ ಅದು ಎಂಬ ಬಿಗಿ ಬಂತು.

ಅವಧಿ ನಡೆಯುವ ಬಗೆ

45ರಿಂದ 50 ನಿಮಿಷದ ಒಂದು ಅವಧಿಯಲ್ಲಿ ಸಾಮಾನ್ಯವಾಗಿ ಮೂರು ಘಟ್ಟಗಳಿರುತ್ತವೆ: ಹತ್ತು ಹದಿನೈದು ನಿಮಿಷದ ಕಿರುಪಾಠ, ಇಪ್ಪತ್ತರಿಂದ ಮೂವತ್ತು ನಿಮಿಷದ ಮೌನ ಓದು, ಕೊನೆಯ ಐದು ನಿಮಿಷದ ಹಂಚಿಕೆ. ಆಟ್‌ವೆಲ್ ತಮ್ಮ ತರಗತಿಯನ್ನು ದಿನವೂ ಒಂದು ಕವಿತೆಯಿಂದ ಆರಂಭಿಸುತ್ತಿದ್ದರು. ಇಡೀ ತರಗತಿಗೆ ಸಮಾನವಾದ ಒಂದು ಸಾಹಿತ್ಯಾನುಭವ ದಿನಕ್ಕೆ ಹತ್ತು ನಿಮಿಷದಲ್ಲಿ ಸಿಗುವ ಈ ಏರ್ಪಾಡು, ಮಕ್ಕಳು ಬೇರೆ ಬೇರೆ ಪುಸ್ತಕ ಓದಿದರೆ ಒಟ್ಟಿಗೆ ಮಾತಾಡುವುದು ಹೇಗೆ ಎಂಬ ಆಕ್ಷೇಪಕ್ಕೆ ಒಳ್ಳೆಯ ಉತ್ತರ.

ಕಿರುಪಾಠದಲ್ಲಿ ಒಂದೇ ಒಂದು ವಿಷಯ ಇರಬೇಕು. ವರ್ಷದ ಆರಂಭದ ವಾರಗಳಲ್ಲಿ ಅದು ಬಹುಪಾಲು ಶಿಸ್ತಿಗೆ ಸಂಬಂಧಿಸಿದ್ದು: ಪುಸ್ತಕವನ್ನು ಆರಿಸುವುದು ಹೇಗೆ, ಇಷ್ಟವಾಗದ ಪುಸ್ತಕವನ್ನು ಎಷ್ಟು ಪುಟದ ನಂತರ ಬಿಡಬಹುದು, ಎರವಲು ಪಡೆದದ್ದನ್ನು ಎಲ್ಲಿ ಬರೆದಿಡಬೇಕು. ಮುಂದೆ ಅದು ಕೃತಿಯ ಕಡೆಗೆ ತಿರುಗುತ್ತದೆ. ಕಥೆ ಹೇಳುತ್ತಿರುವವರು ಯಾರು, ಅವರ ಮಾತನ್ನು ಎಷ್ಟು ನಂಬಬೇಕು, ಹಿಂದಿನ ಕಾಲಕ್ಕೆ ಹೋಗಿ ಬರುವ ನಿರೂಪಣೆಯನ್ನು ಹೇಗೆ ಹಿಂಬಾಲಿಸಬೇಕು, ಗೊತ್ತಿಲ್ಲದ ಪದ ಎದುರಾದಾಗ ಏನು ಮಾಡಬೇಕು, ಓದುತ್ತಾ ಓದುತ್ತಾ ಮನಸ್ಸು ಬೇರೆ ಕಡೆ ಹೋಗಿರುವುದು ಗೊತ್ತಾದರೆ ಎಲ್ಲಿಗೆ ಹಿಂತಿರುಗಬೇಕು. ಶಿಕ್ಷಕರು ಒಂದು ಪುಟವನ್ನು ಗಟ್ಟಿಯಾಗಿ ಓದುತ್ತಾ, ತಮ್ಮ ತಲೆಯಲ್ಲಿ ಏಳುವ ಅನುಮಾನ, ಊಹೆಗಳನ್ನು ಬಾಯಿಬಿಟ್ಟು ಹೇಳಿ ತೋರಿಸುವುದು ಇಲ್ಲಿ ಹೆಚ್ಚು ಬಳಕೆಯಲ್ಲಿರುವ ದಾರಿ. ಮೊದಲು ಶಿಕ್ಷಕರು ಮಾಡಿ ತೋರಿಸುವುದು, ನಂತರ ಜೊತೆಯಾಗಿ ಮಾಡುವುದು, ಆಮೇಲೆ ಮಕ್ಕಳಿಗೇ ಬಿಡುವುದು. ಸಂಶೋಧಕರಾದ ಪಿಯರ್ಸನ್ ಮತ್ತು ಗ್ಯಾಲಗರ್ 1983ರಲ್ಲಿ ವಿವರಿಸಿದ ಈ ಹಂತ ಹಂತದ ಹೊಣೆ ವರ್ಗಾವಣೆ ಕಿರುಪಾಠದ ಹಿಂದಿನ ತರ್ಕ. ಈ ಬಗೆಯ ಓದುತಂತ್ರಗಳ ಪಾಠ ಅತಿಯಾದರೆ ಪುಸ್ತಕ ಹಿಂದೆ ಸರಿದು ತಂತ್ರವೇ ಮುಂದಾಗುತ್ತದೆ ಎಂದು ಆಟ್‌ವೆಲ್ 2007ರ ‘ದ ರೀಡಿಂಗ್ ಝೋನ್’ ಪುಸ್ತಕದಲ್ಲಿ ಎಚ್ಚರಿಸಿದ್ದಾರೆ. ಕಥೆಯಲ್ಲಿ ಮುಳುಗಿರುವ ಮಗುವನ್ನು ಪುಟಕ್ಕೊಮ್ಮೆ ನಿಲ್ಲಿಸಿ ಚೀಟಿ ಅಂಟಿಸಿ ಟಿಪ್ಪಣಿ ಬರೆಸುವುದು ಓದಿಗೆ ಅಡ್ಡಿಯೇ ಹೊರತು ಸಹಾಯವಲ್ಲ. ಈ ಎಚ್ಚರಿಕೆ ನ್ಯಾಯವಾದದ್ದು.

ಓದಿನ ಹೊತ್ತಿನ ನಿಯಮಗಳು ಕಡಿಮೆ, ಆದರೆ ಕಟ್ಟುನಿಟ್ಟು. ಪೂರ್ತಿ ಅವಧಿ ಓದಲೇಬೇಕು. ಬೇರೆ ವಿಷಯದ ಹೋಂವರ್ಕ್ ಮಾಡುವಂತಿಲ್ಲ. ಪಕ್ಕದವರೊಂದಿಗೆ ಮಾತಿಲ್ಲ. ಬೆಂಚು, ನೆಲ, ಮೂಲೆಯ ದಿಂಬು, ಎಲ್ಲಿ ಬೇಕಾದರೂ ಕೂರಬಹುದು. ಓದಿನ ಹೊತ್ತು ಆರಂಭವಾಗುವ ಮುನ್ನ ಶಿಕ್ಷಕರು ಹೆಸರು ಕರೆಯುತ್ತಾ ಪ್ರತಿ ವಿದ್ಯಾರ್ಥಿಯ ಪುಸ್ತಕದ ಹೆಸರು ಮತ್ತು ಪುಟಸಂಖ್ಯೆಯನ್ನು ಒಂದು ಹಾಳೆಯಲ್ಲಿ ಗುರುತಿಸಿಕೊಳ್ಳುತ್ತಾರೆ. ಎರಡು ಮೂರು ನಿಮಿಷದ ಈ ಕೆಲಸದಿಂದ ಬಹಳಷ್ಟು ಗೊತ್ತಾಗುತ್ತದೆ. ನಿನ್ನೆ 62ನೇ ಪುಟದಲ್ಲಿದ್ದ ಹುಡುಗ ಇಂದೂ 62ರಲ್ಲೇ ಇದ್ದರೆ ಮನೆಯಲ್ಲಿ ಓದಿಲ್ಲ. ಹತ್ತು ದಿನದಲ್ಲಿ ನಾಲ್ಕು ಪುಸ್ತಕ ಬದಲಿಸಿದ ಹುಡುಗಿಗೆ ಆಯ್ಕೆಯಲ್ಲಿ ಸಹಾಯ ಬೇಕು. ತರಗತಿಯ ಓದು ಮನೆಗೂ ಹೋಗಬೇಕು, ರಾತ್ರಿ ಅರ್ಧ ಗಂಟೆಯ ಓದೇ ಈ ವಿಷಯದ ಹೋಂವರ್ಕ್.

ಮಕ್ಕಳು ಓದುತ್ತಿರುವಾಗ ಶಿಕ್ಷಕರು ಒಂದು ಸಣ್ಣ ಸ್ಟೂಲು, ಒಂದು ನೋಟ್‌ಬುಕ್ಕು ಹಿಡಿದು ಒಬ್ಬೊಬ್ಬರ ಬಳಿ ಹೋಗಿ ಕೂರುತ್ತಾರೆ. ಮೆಲುದನಿಯ ಮೂರು ನಾಲ್ಕು ನಿಮಿಷದ ಈ ಮಾತುಕತೆಯೇ ಕಮ್ಮಟದ ತಿರುಳು. ಇದು ತಪಾಸಣೆಯಾಗಬಾರದು. ನಾಯಕನ ಹೆಸರೇನು, ಅವನ ಊರು ಯಾವುದು ಎಂದು ಕೇಳಿದರೆ ಮಗು ಮತ್ತೆ ಪರೀಕ್ಷೆಯ ಕೋಣೆಗೆ ಹೋಗಿಬಿಡುತ್ತದೆ. ಲೋಯಿಸ್ ಲೌರಿಯವರ ‘ದ ಗಿವರ್’ (1993) ಓದುತ್ತಿರುವ 7ನೇ ತರಗತಿಯ ಹುಡುಗಿಯನ್ನು ಊಹಿಸಿಕೊಳ್ಳಿ. “ಎಲ್ಲಿದ್ದೀಯ, ಈಗ ಏನಾಗ್ತಿದೆ?” ಎಂದು ಶಿಕ್ಷಕಿ ಕೇಳುತ್ತಾಳೆ. “ಅವನಿಗೆ ಆ ಸೇಬು ಬದಲಾದ ಹಾಗೆ ಕಾಣ್ತು, ಯಾಕೆ ಅಂತ ಗೊತ್ತಾಗ್ಲಿಲ್ಲ,” ಎನ್ನುತ್ತಾಳೆ ಹುಡುಗಿ. ಆ ಕಾದಂಬರಿಯ ಊರಿನ ಜನರಿಗೆ ಬಣ್ಣಗಳೇ ಕಾಣುವುದಿಲ್ಲ ಎಂಬುದು ಶಿಕ್ಷಕಿಗೆ ಗೊತ್ತು. ಆದರೂ ಆಕೆ ಗುಟ್ಟು ಬಿಟ್ಟುಕೊಡುವುದಿಲ್ಲ. “ಇಲ್ಲಿಯವರೆಗೆ ಲೇಖಕಿ ಏನನ್ನಾದರೂ ವರ್ಣಿಸುವಾಗ ಯಾವುದನ್ನು ಹೇಳದೆ ಬಿಟ್ಟಿದ್ದಾಳೆ, ಹಿಂದಿನ ಹತ್ತು ಪುಟ ತಿರುಗಿಸಿ ನೋಡು. ನಾಳೆ ಹೇಳು,” ಎಂದು ಎದ್ದು ಹೋಗುತ್ತಾಳೆ. ಲೇಖಕಿ ಹೇಳದೆ ಬಿಟ್ಟದ್ದನ್ನು ಗಮನಿಸುವ ವಿದ್ಯೆಯನ್ನು ಆ ಹುಡುಗಿ ಮುಂದೆ ಯಾವ ಪುಸ್ತಕದಲ್ಲಿ ಬೇಕಾದರೂ ಬಳಸಬಲ್ಲಳು. ಪುಸ್ತಕವನ್ನು ಓದಿರದ ಶಿಕ್ಷಕಿಯಿಂದ ಈ ಪ್ರಶ್ನೆ ಬರಲು ಸಾಧ್ಯವೇ ಇರಲಿಲ್ಲ. ಮಾತು ಮುಗಿದ ಮೇಲೆ ಒಂದೆರಡು ಸಾಲಿನ ಟಿಪ್ಪಣಿ ಬರೆದುಕೊಂಡರೆ ಮುಂದಿನ ಬಾರಿ ಅಲ್ಲಿಂದಲೇ ಎತ್ತಿಕೊಳ್ಳಬಹುದು. ಒಂದು ಅವಧಿಯಲ್ಲಿ ಐದಾರು ಮಕ್ಕಳೊಂದಿಗೆ ಹೀಗೆ ಮಾತಾಡಿದರೆ ವಾರದಲ್ಲಿ ಒಂದು ತರಗತಿ ಪೂರ್ಣವಾಗುತ್ತದೆ.

ಪತ್ರಗಳ ಪದ್ಧತಿ ಕಾಲಾಂತರದಲ್ಲಿ ಬದಲಾಯಿತು. ಪ್ರತಿ ವಾರ ಬರುವ ಪತ್ರಗಳ ರಾಶಿಗೆ ಉತ್ತರ ಬರೆಯುವುದು ಮನುಷ್ಯಮಾತ್ರರಿಂದ ಆಗದ ಕೆಲಸ. ಆಟ್‌ವೆಲ್ ಅದನ್ನು ಸುಮಾರು ಮೂರು ವಾರಕ್ಕೊಮ್ಮೆ ಬರೆಯುವ ದೀರ್ಘ ಪತ್ರಪ್ರಬಂಧವಾಗಿ ಮಾಡಿಕೊಂಡರು. ಗೆಳೆಯರಿಗೂ ಬರೆಯಬಹುದು, ಶಿಕ್ಷಕರಿಗೂ ಬರೆಯಬಹುದು. ಮುಗಿಸಿದ ಒಂದು ಪುಸ್ತಕವನ್ನು ಆರಿಸಿಕೊಂಡು, ಅದರ ಕಥೆಯನ್ನು ಕುಗ್ಗಿಸಿ ಹೇಳುವ ಬದಲು, ಲೇಖಕರು ಅದನ್ನು ಹೇಗೆ ಕಟ್ಟಿದ್ದಾರೆ, ತನಗೆ ಎಲ್ಲಿ ಹಿಡಿಸಿತು, ಎಲ್ಲಿ ಸಡಿಲವಾಯಿತು ಎಂದು ಬರೆಯಬೇಕು.

ಪುಸ್ತಕಗಳು

ತರಗತಿಯ ಕೋಣೆಯಲ್ಲೇ ಪುಸ್ತಕಗಳಿರಬೇಕು ಎಂಬುದು ಕಮ್ಮಟದ ಬಿಟ್ಟುಕೊಡಲಾಗದ ಷರತ್ತು. ಕಾರಿಡಾರಿನ ಕೊನೆಯಲ್ಲಿರುವ ಗ್ರಂಥಾಲಯ ಎಷ್ಟೇ ಚೆನ್ನಾಗಿದ್ದರೂ, ಕೈಗೆಟಕುವ ಕಪಾಟಿನ ಕೆಲಸವನ್ನು ಅದು ಮಾಡದು. ಅಮೆರಿಕದ ಶಿಕ್ಷಕರು ಬಹಳಷ್ಟು ಬಾರಿ ತಮ್ಮ ಸಂಬಳದಿಂದಲೇ, ಹಳೆಯ ಪುಸ್ತಕದಂಗಡಿಗಳಿಂದ ಈ ಕಪಾಟುಗಳನ್ನು ತುಂಬಿದ್ದಾರೆ.

ಹದಿಹರೆಯದವರಿಗಾಗಿಯೇ ಬರೆದ ಸಾಹಿತ್ಯ ಬೆಳೆಯದಿದ್ದರೆ ಕಮ್ಮಟ ನಿಲ್ಲುತ್ತಿರಲಿಲ್ಲ. ಎಸ್. ಇ. ಹಿಂಟನ್ ತಾವೇ ಹದಿಹರೆಯದಲ್ಲಿದ್ದಾಗ ಬರೆದ ‘ದ ಔಟ್‌ಸೈಡರ್ಸ್’ (1967) ಆ ಸಾಹಿತ್ಯದ ದಾರಿ ತೆರೆಯಿತು. ವಿಮಾನ ಅಪಘಾತದ ನಂತರ ಕೆನಡಾದ ಕಾಡಿನಲ್ಲಿ ಒಂದು ಕೈಗೊಡಲಿಯೊಂದಿಗೆ ಒಂಟಿಯಾಗಿ ಉಳಿದ 13ರ ಹುಡುಗನ ಕಥೆ, ಗ್ಯಾರಿ ಪಾಲ್ಸನ್ನರ ‘ಹ್ಯಾಚೆಟ್’ (1987), ಓದನ್ನು ದ್ವೇಷಿಸುವ ಎಷ್ಟೋ ಹುಡುಗರು ಪೂರ್ತಿಯಾಗಿ ಓದಿದ ಮೊದಲ ಪುಸ್ತಕ. ವಾಲ್ಟರ್ ಡೀನ್ ಮೈಯರ್ಸ್ ಅವರ ‘ಮಾನ್‌ಸ್ಟರ್’ (1999) ಚಿತ್ರಕಥೆಯ ರೂಪದಲ್ಲಿದೆ. ಕ್ವಾಮೆ ಅಲೆಕ್ಸಾಂಡರ್ ಅವರ ‘ದ ಕ್ರಾಸ್‌ಓವರ್’ (2014) ಬ್ಯಾಸ್ಕೆಟ್‌ಬಾಲ್ ಆಡುವ ಅವಳಿ ಹುಡುಗರ ಪದ್ಯಕಾದಂಬರಿ. ಜೀನ್ ಲುಎನ್ ಯಾಂಗ್ ಅವರ ‘ಅಮೆರಿಕನ್ ಬಾರ್ನ್ ಚೈನೀಸ್’ (2006) ಚಿತ್ರಕಾದಂಬರಿ. ಪುಟದಲ್ಲಿ ಅಕ್ಷರ ಕಡಿಮೆಯಿದ್ದು ವಿಷಯ ಗಟ್ಟಿಯಾಗಿರುವ ಇಂಥ ರೂಪಗಳು, ನಿಧಾನವಾಗಿ ಓದುವ 14ರ ಹರೆಯದವರ ಮರ್ಯಾದೆ ಉಳಿಸುತ್ತವೆ. ಪುಟ್ಟ ಮಕ್ಕಳ ಪುಸ್ತಕವನ್ನು ಅವರ ಕೈಗೆ ಕೊಟ್ಟರೆ ಅವಮಾನವಾಗುತ್ತದೆ, ಓದು ಅಲ್ಲಿಗೆ ಮುಗಿಯುತ್ತದೆ.

ಪುಸ್ತಕಗಳು ಮಗುವಿಗೆ ತನ್ನನ್ನೇ ತೋರುವ ಕನ್ನಡಿಯೂ ಇತರರ ಬದುಕು ಕಾಣುವ ಕಿಟಕಿಯೂ ಆಗಬೇಕು ಎಂದು ರೂಡಿನ್ ಸಿಮ್ಸ್ ಬಿಷಪ್ 1990ರಲ್ಲಿ ಬರೆದದ್ದು ಕಪಾಟು ತುಂಬುವವರಿಗೆ ಇಂದಿಗೂ ಮಾರ್ಗದರ್ಶಿ. ಪುಸ್ತಕಗಳಿಗೆ ಕಷ್ಟದ ಮಟ್ಟ ಸೂಚಿಸುವ ಅಕ್ಷರ ಅಂಟಿಸಿ, ನಿನ್ನ ಮಟ್ಟ ಇದು, ಇದರಾಚೆ ಮುಟ್ಟಬೇಡ ಎನ್ನುವ ಪದ್ಧತಿ ಕೆಲವೆಡೆ ಬೇರೂರಿದೆ. ಕಮ್ಮಟದ ಆಶಯಕ್ಕೆ ಅದು ನೇರ ವಿರುದ್ಧ. ಆಟ್‌ವೆಲ್ ಅವರ ತರಗತಿಯಲ್ಲಿ ಮಕ್ಕಳೇ ಪುಸ್ತಕಗಳನ್ನು ಹಗುರವಾದದ್ದು, ಸರಿಹೊಂದುವುದು, ಸವಾಲಿನದು ಎಂದು ಮೂರು ಬಗೆಯಾಗಿ ಗುರುತಿಸುತ್ತಿದ್ದರು. ವರ್ಷದಲ್ಲಿ ಮೂರೂ ಬಗೆಯವಕ್ಕೆ ಜಾಗವಿತ್ತು.

ಪುಸ್ತಕವಿದ್ದರೆ ಸಾಲದು, ಅದನ್ನು ಪರಿಚಯಿಸಬೇಕು. ವಾರದಲ್ಲಿ ಹಲವು ಬಾರಿ ಶಿಕ್ಷಕರೋ ವಿದ್ಯಾರ್ಥಿಯೋ ಎದ್ದು ನಿಂತು ಒಂದು ಪುಸ್ತಕದ ಬಗ್ಗೆ ಎರಡು ನಿಮಿಷ ಮಾತಾಡಿ, ಅದರ ಅರ್ಧ ಪುಟ ಓದಿ ತೋರಿಸುವುದು ಬಹುತೇಕ ಎಲ್ಲ ಕಮ್ಮಟಗಳಲ್ಲೂ ಇದೆ. ಟೆಕ್ಸಾಸಿನ 6ನೇ ತರಗತಿಯ ಶಿಕ್ಷಕಿ ಡೊನಾಲಿನ್ ಮಿಲ್ಲರ್, ಮಕ್ಕಳು ವರ್ಷಕ್ಕೆ 40 ಪುಸ್ತಕ ಓದುವ ಗುರಿಯನ್ನು ಇಟ್ಟುಕೊಂಡು ನಡೆಸಿದ ತರಗತಿಯ ಅನುಭವವನ್ನು ‘ದ ಬುಕ್ ವ್ಹಿಸ್ಪರರ್’ (2009) ಎಂಬ ಪುಸ್ತಕದಲ್ಲಿ ಬರೆದರು. ಆ ಸಂಖ್ಯೆಯನ್ನು ಸ್ಪರ್ಧೆಯನ್ನಾಗಿ ಮಾಡಿಕೊಂಡ ಶಾಲೆಗಳು ಅವರ ಮಾತನ್ನು ಅರ್ಧ ಮಾತ್ರ ಕೇಳಿಸಿಕೊಂಡವು.

ಹೈಸ್ಕೂಲಿನಲ್ಲಿ

ಮೇಲಿನ ತರಗತಿಗಳಲ್ಲಿ ಕಮ್ಮಟ ನಡೆಸುವುದು ಕಷ್ಟ. ಒಬ್ಬ ಶಿಕ್ಷಕರಿಗೆ ಐದು ತರಗತಿಗಳು, ಒಟ್ಟು 150ರಷ್ಟು ವಿದ್ಯಾರ್ಥಿಗಳು. ಶೇಕ್ಸ್‌ಪಿಯರ್ ಮೊದಲಾದ ಅಭಿಜಾತ ಕೃತಿಗಳನ್ನು ಮುಗಿಸಬೇಕಾದ ಒತ್ತಡ ಬೇರೆ. ಆ ಕೃತಿಗಳನ್ನು ಓದದೆಯೇ ಸಾರಾಂಶ ನೋಡಿ, ತರಗತಿಯ ಚರ್ಚೆ ಕೇಳಿಸಿಕೊಂಡು ಪಾಸಾಗುವ ಕಲೆಯನ್ನು ವಿದ್ಯಾರ್ಥಿಗಳು ಚೆನ್ನಾಗಿ ಕಲಿತಿರುತ್ತಾರೆ. ಕ್ಯಾಲಿಫೋರ್ನಿಯಾದ ಅನಾಹೈಮಿನ ಶಿಕ್ಷಕ ಕೆಲ್ಲಿ ಗ್ಯಾಲಗರ್ 2009ರ ‘ರೀಡಿಸೈಡ್’ ಪುಸ್ತಕದಲ್ಲಿ, ಪರೀಕ್ಷೆಯ ಹಪಾಹಪಿಯಿಂದ ಶಾಲೆಗಳೇ ಓದನ್ನು ಕೊಲ್ಲುತ್ತಿವೆ ಎಂದು ಆರೋಪಿಸಿದರು. ಒಂದು ಒಳ್ಳೆಯ ಕಾದಂಬರಿಯನ್ನು ತಿಂಗಳುಗಟ್ಟಲೆ ಸಿಗಿದು ಸಿಗಿದು ಕಲಿಸುವುದೂ ಅದರಲ್ಲಿ ಒಂದು ಕಾರಣ.

ನ್ಯೂ ಹ್ಯಾಂಪ್‌ಶೈರಿನ ಹೈಸ್ಕೂಲ್ ಶಿಕ್ಷಕಿ ಪೆನ್ನಿ ಕಿಟಲ್ ‘ಬುಕ್ ಲವ್’ (2013) ಕೃತಿಯಲ್ಲಿ ಕೊಟ್ಟ ಒಂದು ಲೆಕ್ಕ ಬಹಳ ಉಪಯುಕ್ತ. ವಿದ್ಯಾರ್ಥಿ ತನ್ನ ಪುಸ್ತಕವನ್ನು ಹಾಯಾಗಿ ಹತ್ತು ನಿಮಿಷ ಓದಬೇಕು. ಓದಿದ ಪುಟಗಳನ್ನು 12ರಿಂದ ಗುಣಿಸಿದರೆ ವಾರಕ್ಕೆ ಎರಡು ಗಂಟೆ ಓದಿದಾಗ ಆಗುವ ಪುಟಗಳು ಸಿಗುತ್ತವೆ. ಅದೇ ಆ ವಾರದ ಗುರಿ. ಸುಲಭದ ಪುಸ್ತಕದಲ್ಲಿ ಅದು 120 ಪುಟವಾದರೆ, ಟಾಲ್‌ಸ್ಟಾಯ್ ಹಿಡಿದವನಿಗೆ 50 ಆಗಬಹುದು. ನಿಧಾನದ ಓದುಗನಿಗೂ ವೇಗದ ಓದುಗನಿಗೂ ಬೇಕಾದ ಶ್ರಮ ಒಂದೇ. ಕಿಟಲ್ ಮತ್ತು ಗ್ಯಾಲಗರ್ ಒಟ್ಟಿಗೆ ಬರೆದ ‘180 ಡೇಸ್’ (2018) ಇನ್ನೊಂದು ಹೆಜ್ಜೆ ಮುಂದಿಟ್ಟಿತು: ವರ್ಷದ ಓದಿನಲ್ಲಿ ಅರ್ಧ ಭಾಗ ವಿದ್ಯಾರ್ಥಿಯ ಸ್ವಂತ ಆಯ್ಕೆ, ಕಾಲು ಭಾಗ ನಾಲ್ಕೈದು ಜನ ಸೇರಿ ಒಂದೇ ಪುಸ್ತಕ ಓದುವ ಓದುಗುಂಪು, ಉಳಿದ ಕಾಲು ಭಾಗ ಇಡೀ ತರಗತಿ ಜೊತೆಯಾಗಿ ಓದುವ ಕೃತಿ. ಓದುಗುಂಪಿನ ಪದ್ಧತಿಗೆ ಷಿಕಾಗೋದ ಹಾರ್ವಿ ಡೇನಿಯಲ್ಸ್ 1994ರ ‘ಲಿಟರೇಚರ್ ಸರ್ಕಲ್ಸ್’ ಮೂಲಕ ಸ್ಪಷ್ಟ ರೂಪ ಕೊಟ್ಟಿದ್ದರು. ಹೈಸ್ಕೂಲಿನ ಮಟ್ಟಿಗೆ ಇಂದು ಸಿಗುವ ಅತ್ಯಂತ ಸಮತೂಕದ ಮಾದರಿ ಈ ಅರ್ಧ, ಕಾಲು, ಕಾಲಿನ ಹಂಚಿಕೆಯೇ.

ಅಂಕಗಳ ವಿಷಯ ಸರಳ. ಪ್ರತಿ ಪುಸ್ತಕಕ್ಕೂ ಪ್ರಶ್ನಪತ್ರಿಕೆಯಿಟ್ಟು ಅಂಕ, ಬಹುಮಾನ ಕೊಡುವ ಗಣಕೀಕೃತ ವ್ಯವಸ್ಥೆಗಳನ್ನು ಕಮ್ಮಟದ ಪ್ರವರ್ತಕರು ಒಪ್ಪುವುದಿಲ್ಲ. ಪುಸ್ತಕಗಳ ಪಟ್ಟಿ, ಪತ್ರಗಳು, ಮಾತುಕತೆಯ ಟಿಪ್ಪಣಿಗಳು, ಶೈಕ್ಷಣಿಕ ಅವಧಿಯ ಕೊನೆಗೆ ವಿದ್ಯಾರ್ಥಿ ತನ್ನ ಓದಿನ ಬಗ್ಗೆ ತಾನೇ ಬರೆಯುವ ವಿಮರ್ಶೆ, ಇವುಗಳ ಆಧಾರದ ಮೇಲೆ ದರ್ಜೆ ಕೊಡುತ್ತಾರೆ.

ಸಂಶೋಧನೆ ಮತ್ತು ಟೀಕೆ

ಅಮೆರಿಕದ ಸರ್ಕಾರ ನೇಮಿಸಿದ ರಾಷ್ಟ್ರೀಯ ಓದು ಸಮಿತಿ 2000ನೇ ಇಸವಿಯ ವರದಿಯಲ್ಲಿ, ತರಗತಿಯಲ್ಲಿ ಮೌನವಾಗಿ ಓದಲು ಬಿಡುವುದರಿಂದ ಓದಿನ ಸಾಮರ್ಥ್ಯ ಹೆಚ್ಚುತ್ತದೆ ಎನ್ನಲು ಸಾಕಷ್ಟು ಪುರಾವೆ ಸಿಕ್ಕಿಲ್ಲ ಎಂದಿತು. ಆ ಸಮಿತಿಯಲ್ಲಿದ್ದ ಟಿಮತಿ ಶಾನಹನ್ ಇಂದಿಗೂ ಈ ನಿಲುವನ್ನು ಸಮರ್ಥಿಸುತ್ತಾರೆ. ತರಗತಿಯ ಅಮೂಲ್ಯ ಸಮಯ ಬೋಧನೆಗಿರಲಿ, ಸ್ವಂತ ಓದು ಮನೆಯಲ್ಲಾಗಲಿ ಎಂಬುದು ಅವರ ವಾದ. ಸಮಿತಿ ಪರಿಶೀಲಿಸಿದ ಅಧ್ಯಯನಗಳಲ್ಲಿ ಬಹುಪಾಲು ಬೋಧನೆಯಿಲ್ಲದ ಮೌನ ಓದನ್ನು ಕುರಿತವು ಎಂಬುದನ್ನು ಮರೆಯಬಾರದು. ರಾಯಿಟ್ಸೆಲ್ ಮತ್ತು ಸಂಗಡಿಗರು 2008ರಲ್ಲಿ 3ನೇ ತರಗತಿಯ ಮಕ್ಕಳ ಮೇಲೆ ನಡೆಸಿದ ಅಧ್ಯಯನ, ಆಯ್ಕೆಗೆ ಮಾರ್ಗದರ್ಶನವೂ ಶಿಕ್ಷಕರ ಮಾತುಕತೆಯೂ ಇರುವ ಮೌನ ಓದು, ಗಟ್ಟಿಯಾಗಿ ಮತ್ತೆ ಮತ್ತೆ ಓದಿಸುವ ಪದ್ಧತಿಗೆ ಸಮನಾದ ಫಲ ಕೊಟ್ಟದ್ದನ್ನು ತೋರಿಸಿತು. ಗೇ ಐವಿ ಮತ್ತು ಕ್ಯಾರೆನ್ ಬ್ರಾಡಸ್ 2001ರಲ್ಲಿ 23 ಶಾಲೆಗಳ 1,765 ಮಂದಿ 6ನೇ ತರಗತಿಯ ವಿದ್ಯಾರ್ಥಿಗಳನ್ನು ಕೇಳಿದಾಗ, ಭಾಷಾ ತರಗತಿಯಲ್ಲಿ ತಮಗೆ ಹೆಚ್ಚು ಇಷ್ಟವಾಗುವುದು ಸ್ವಂತ ಓದಿನ ಸಮಯ ಮತ್ತು ಶಿಕ್ಷಕರು ಗಟ್ಟಿಯಾಗಿ ಓದಿ ಹೇಳುವುದು ಎಂದು ಅವರು ಉತ್ತರಿಸಿದರು.

ಎರಡನೆಯ ಟೀಕೆ ಹೆಚ್ಚು ತೂಕದ್ದು. ಅಕ್ಷರ ಬಿಡಿಸಿ ಓದಲು ಬಾರದ ಮಗುವಿಗೆ ಆಯ್ಕೆಯ ಸ್ವಾತಂತ್ರ್ಯ ಕೊಟ್ಟು ಪ್ರಯೋಜನವಿಲ್ಲ. ಕೆಳಗಿನ ತರಗತಿಗಳಲ್ಲಿ ಕಾಲ್ಕಿನ್ಸ್ ಅವರ ಪಾಠಸಂಪುಟಗಳು ಅಕ್ಷರ ಮತ್ತು ಧ್ವನಿಯ ಸಂಬಂಧವನ್ನು ಕ್ರಮವಾಗಿ ಕಲಿಸದೆ, ಚಿತ್ರ ನೋಡಿ ಸಂದರ್ಭದಿಂದ ಊಹಿಸಲು ಹೇಳಿಕೊಟ್ಟವು ಎಂಬ ಆಕ್ಷೇಪ, 2022ರಲ್ಲಿ ಪತ್ರಕರ್ತೆ ಎಮಿಲಿ ಹ್ಯಾನ್‌ಫರ್ಡ್ ಅವರ ಪಾಡ್‌ಕಾಸ್ಟ್ ಸರಣಿಯ ನಂತರ ದೇಶವ್ಯಾಪಿ ಚರ್ಚೆಯಾಯಿತು. 2023ರಲ್ಲಿ ಟೀಚರ್ಸ್ ಕಾಲೇಜಿನ ಆ ಯೋಜನೆ ಮುಚ್ಚಿತು. ನ್ಯೂಯಾರ್ಕ್ ನಗರವೂ ಅದೇ ವರ್ಷ ಬೇರೆ ಪಠ್ಯಕ್ರಮಗಳ ಕಡೆ ತಿರುಗಿತು. ಈ ಟೀಕೆ ಮುಖ್ಯವಾಗಿ ಮೊದಲ ತರಗತಿಗಳಿಗೆ ಸಂಬಂಧಿಸಿದ್ದರೂ ಮಿಡ್ಲ್ ಸ್ಕೂಲಿಗೂ ಪಾಠವಿದೆ. 7ನೇ ತರಗತಿಗೆ ಬಂದ ಮೇಲೂ ತಡವರಿಸಿ ಓದುವ ಮಗುವಿಗೆ ಕಮ್ಮಟದ ಜೊತೆಗೆ ಪ್ರತ್ಯೇಕ, ಕ್ರಮಬದ್ಧ ಪಾಠ ಸಿಗಲೇಬೇಕು. ಒಳ್ಳೆಯ ಪುಸ್ತಕ ತಾನಾಗಿಯೇ ಎಲ್ಲವನ್ನೂ ಸರಿಪಡಿಸುತ್ತದೆ ಎಂದು ನಂಬಿ ಕಾಯುವುದು ಆ ಮಗುವಿಗೆ ಮಾಡುವ ಅನ್ಯಾಯ.

ಮೂರನೆಯ ಅಡ್ಡಿ ರಾಜಕೀಯದ್ದು. ಫ್ಲಾರಿಡಾ 2022ರಲ್ಲಿ ತಂದ ಕಾನೂನಿನ ಪ್ರಕಾರ ಶಾಲೆಯ ಪುಸ್ತಕಗಳಿಗೆ ಪ್ರಮಾಣಪತ್ರ ಪಡೆದ ತಜ್ಞರ ಒಪ್ಪಿಗೆ ಬೇಕು. ತರಗತಿಯ ಕಪಾಟಿಗೂ ಇದು ಅನ್ವಯವಾಗುತ್ತದೆ ಎಂದಾದಾಗ, 2023ರ ಆರಂಭದಲ್ಲಿ ಅಲ್ಲಿನ ಕೆಲವು ಶಿಕ್ಷಕರು ತಮ್ಮ ಪುಸ್ತಕಗಳನ್ನು ಕಾಗದದಿಂದ ಮುಚ್ಚಿಟ್ಟರು.

ಭಾರತ ಮತ್ತು ಕರ್ನಾಟಕ

ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು 2005, ವಾರಕ್ಕೆ ಒಂದು ಅವಧಿಯನ್ನು ಗ್ರಂಥಾಲಯದ ಓದಿಗೆ ಮೀಸಲಿಡಬೇಕು, ಗ್ರಂಥಾಲಯದ ಕೋಣೆ ಇಲ್ಲದಿದ್ದರೆ ಶಿಕ್ಷಕರು ವಯಸ್ಸಿಗೆ ತಕ್ಕ ಪುಸ್ತಕಗಳನ್ನು ತರಗತಿಗೇ ತಂದು ಮಕ್ಕಳಿಗೆ ಆರಿಸಿಕೊಳ್ಳಲು ಬಿಡಬೇಕು ಎಂದು ಹೇಳಿತ್ತು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಪ್ರತಿ ಶಾಲೆಯಲ್ಲೂ ಕಥೆಪುಸ್ತಕಗಳೂ ಪತ್ರಿಕೆಗಳೂ ಇರುವ ಗ್ರಂಥಾಲಯವನ್ನು ಕಡ್ಡಾಯ ಮಾಡಿದೆ. ಕಮ್ಮಟದ ಬೀಜ ಈ ಎರಡು ದಾಖಲೆಗಳಲ್ಲೂ ಇದೆ.

ಕನ್ನಡದ ಪ್ರೌಢಶಾಲೆಯಲ್ಲಿ ಗದ್ಯ, ಪದ್ಯಗಳ ಜೊತೆಗೆ ಪಠ್ಯಪೂರಕ ಅಧ್ಯಯನ ಎಂಬ ಭಾಗವಿದೆ. ಅದು ಕೂಡ ಎಲ್ಲರಿಗೂ ಒಂದೇ, ಆಯ್ಕೆಗೆ ಅಲ್ಲಿ ಜಾಗವಿಲ್ಲ. ಆಯ್ಕೆ ಕೊಟ್ಟರೆ ಹದಿಮೂರು ಹದಿನಾಲ್ಕರ ಮಕ್ಕಳು ಓದಬಲ್ಲ ಕನ್ನಡ ಪುಸ್ತಕಗಳಿಗೆ ಕೊರತೆಯಿಲ್ಲ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’, ‘ಪರಿಸರದ ಕತೆ’, ಅವರು ಕನ್ನಡಕ್ಕೆ ತಂದ ಕೆನೆತ್ ಆ್ಯಂಡರ್ಸನ್ನರ ಕಾಡಿನ ಕಥೆಗಳು, ಕುವೆಂಪು ಅವರ ‘ಮಲೆನಾಡಿನ ಚಿತ್ರಗಳು’, ಇವುಗಳಿಂದಲೇ ಒಂದು ಕಪಾಟನ್ನು ಆರಂಭಿಸಬಹುದು. ನ್ಯಾಷನಲ್ ಬುಕ್ ಟ್ರಸ್ಟ್, ನವಕರ್ನಾಟಕ ಪ್ರಕಾಶನದ ಅಗ್ಗದ ಪುಸ್ತಕಗಳಿವೆ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಕಥೆಗಳು ಉಚಿತವಾಗಿ ಸಿಗುತ್ತವೆ, ಅವು ಬಹುಪಾಲು ಚಿಕ್ಕ ಮಕ್ಕಳವು. ರಾಜ್ಯದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳನ್ನು ಸದಸ್ಯರನ್ನಾಗಿ ಮಾಡಿಕೊಳ್ಳುವ ‘ಓದುವ ಬೆಳಕು’ ಕಾರ್ಯಕ್ರಮ 2020ರ ನವೆಂಬರಿನಲ್ಲಿ ಆರಂಭವಾಯಿತು. ಶಾಲೆಯ ಕಪಾಟು ಬರಿದಾಗಿದ್ದರೆ ಊರಿನ ಗ್ರಂಥಾಲಯದಿಂದ ತಿಂಗಳಿಗೊಂದು ಪೆಟ್ಟಿಗೆ ಪುಸ್ತಕ ತಂದು ನಡೆಸಬಹುದು.

ನಲವತ್ತು ನಿಮಿಷದ ಅವಧಿ, ತುಂಬಿದ ತರಗತಿ, ಎಸ್‌ಎಸ್‌ಎಲ್‌ಸಿಯ ಭಯ, ಇವೆಲ್ಲ ಇರುವಾಗ ಅಮೆರಿಕದ ಮಾದರಿಯನ್ನು ಇಡಿಯಾಗಿ ತರಲಾಗದು. ಅದರ ಅಗತ್ಯವೂ ಇಲ್ಲ. 8 ಮತ್ತು 9ನೇ ತರಗತಿಗಳಲ್ಲಿ ವಾರಕ್ಕೆ ಎರಡು ಅವಧಿ, ಮಕ್ಕಳ ಸಂಖ್ಯೆಗಿಂತ ಸ್ವಲ್ಪ ಹೆಚ್ಚು ಪುಸ್ತಕಗಳು, ಪುಟಸಂಖ್ಯೆ ಬರೆದಿಡಲು ಒಂದು ಹಾಳೆ, ಕೂರಲು ಒಂದು ಸ್ಟೂಲು ಇದ್ದರೆ ಕಮ್ಮಟ ನಡೆಯುತ್ತದೆ. ಆದರೆ ಆ ಪುಸ್ತಕಗಳನ್ನು ಕನ್ನಡದ ಮೇಷ್ಟ್ರು, ಮೇಡಂ ಮೊದಲು ತಾವು ಓದಿರಬೇಕು. ಬೇಸಿಗೆಯ ರಜೆಯಲ್ಲಿ ಹತ್ತು ಪುಸ್ತಕ ಓದಿ ಜೂನಿನಲ್ಲಿ ಆರಂಭಿಸಿ. ವೇಳಾಪಟ್ಟಿಯಲ್ಲಿರುವ ಗ್ರಂಥಾಲಯದ ಅವಧಿಯನ್ನು ಗಣಿತಕ್ಕೋ ವಿಜ್ಞಾನಕ್ಕೋ ಬಿಟ್ಟುಕೊಡಬೇಡಿ.